ಖಾಸಗಿ ಭೂಮಿಯಲ್ಲಿ ವನರಕ್ಷಣೆಯೂ ತೆರಿಗೆಯೂ

ಉಡುಪಿ, ಕಾಪು, ಕಾರ್ಕಳ ಸೀಮೆಗಳ ಅನೇಕ ಮನೆತನದವರು ತಮ್ಮ ವರ್ಗ ಜಮೀನಿನೊಳಗಣ ನಾಗಬನಕ್ಕೆ ಕೊಡಲಿ ತಾಗಿಸದೆ ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವರು. ಬನದ ನೆರಳಿನಲ್ಲಿ ಮಳೆನೀರು ಮಣ್ಣಿಗೆ ಇಂಗುವುದರಿಂದ ನೆರೆಯ ಬಾವಿಗಳಿಗೂ ಬೈಲುಗದ್ದೆಗಳಿಗೂ ಲಾಭವುಂಟು. ಆದರೆ ಆಸ್ತಿಯು ಪಾಲಾಗುವಾಗಲೂ, ಮಣಿಪಾಲದಂತೆ ಪಟ್ಟಣವು ಬೆಳೆಯುವೆಡೆಯಲ್ಲಿ ಮಾರಾಟವಾಗುವಾಗಲೂ ಇಂಥ ಮರಗಳಿಗೆ ಅಪಾಯವುಂಟಾಗುವುದು.

ಭೂಮಿಯನ್ನು ಸಂಸ್ಥೆಯೊಂದಕ್ಕೆ ದಾನಮಾಡಿದರೆ ಅದರ ಬೆಲೆಯು ಆದಾಯ ತೆರಿಗೆಯಲ್ಲಿ ವಜಾ ಆಗುವುದೆಂಬ ಎಣಿಕೆ ಸರಿಯಲ್ಲ. ಅಮೇರಿಕಾ ದೇಶದಲ್ಲಿ ಅಂಥ ರಿಯಾಯಿತಿಯುಂಟು. ನಮ್ಮಲ್ಲಾದರೋ ಹಳೆಯ ಪದ್ಧತಿಯಂತೆ ತೆರಿಗೆ ಸಲ್ಲಿಸುವವರಿಗೆ, ಅಂಗೀಕೃತ ಸಂಸ್ಥೆಗೆ ಕೊಟ್ಟ ಹಣದ ಮೇಲೆ ಮಾತ್ರ ವಜಾ ಇರುವುದು, ಭೂದಾನಕ್ಕಿಲ್ಲ.

ಒಡೆತನವನ್ನು ಬಿಡದೆಯೇ ರಕ್ಷಿಸಲು ಬೇರೊಂದು ಮಾರ್ಗವುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರ ತಿದ್ದುಪಡಿಯಿಂದ ಸೇರಿದ ವಿಧಿಯಂತೆ, ಒಡೆಯನು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ ರಾಜ್ಯ ಸರಕಾರವು ಖಾಸಗಿ ಭೂಮಿಯನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. 2022ರ ತಿದ್ದುಪಡಿಯಂತೆ ಆಡಳಿತ ಸಮಿತಿಯಲ್ಲಿ ಭೂಮಿಯ ಒಡೆಯನಿಗೂ ಸ್ಥಾನವುಂಟು.

ಒಮ್ಮೆ ಘೋಷಣೆಯಾದ ಬಳಿಕ ಸಮಿತಿಯ ಠರಾವೂ ಸರಕಾರದ ಒಪ್ಪಿಗೆಯೂ ಇಲ್ಲದೆ ಭೂಮಿಯ ಉಪಯೋಗವನ್ನು ಬದಲಿಸಕೂಡದು. ಆದಕಾರಣ ಪಾಲುದಾರರೆಲ್ಲರ ಸಮ್ಮತಿ ಪಡೆದು, ಗಡಿ ಅಳೆಯಿಸಿದ ಮೇಲೆಯೇ ಅರಣ್ಯ ಇಲಾಖೆಗೆ ಅರಿಕೆ ಮಾಡಿಕೊಳ್ಳುವುದು ಯುಕ್ತವು.