ಗಾಲಿಗೊಂದು ಅಚ್ಚು, ಸಾಲಿಗೊಂದು ಅಚ್ಚು

ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಯನ್ನು ಎರಕ ಹೊಯ್ಯುತ್ತಾರೆ. ಉಕ್ಕಿನ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗಾಳಿಯ ಒತ್ತಡ ಹಾಕಿ ಕೆಳಗಿನಿಂದ ಮೇಲಕ್ಕೆ ಗ್ರಾಫೈಟ್ ಅಚ್ಚಿನೊಳಗೆ ಏರಿಸುತ್ತಾರೆ. 1984ರಿಂದ ನಡೆದುಬಂದ ಕೆಲಸ. ಗಾಲಿಯ ಆಕಾರವನ್ನು ತೀರ್ಮಾನಿಸುವುದು ಅಚ್ಚು. ಅಚ್ಚಿನಲ್ಲಿ ಐಬಿದ್ದರೆ ಅದರಿಂದ ಹೊರಬೀಳುವ ಗಾಲಿಗಳಲ್ಲೆಲ್ಲ ಅದೇ ಐಬು.

ಯಲಹಂಕದ ಆಸುಪಾಸಿನ ಅವಲಹಳ್ಳಿ, ಕಟ್ಟಿಗೇನಹಳ್ಳಿ, ಹುಣಸಮಾರನಹಳ್ಳಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಹೆಬ್ಬಾಳದಾಚೆಯ ಮಾನ್ಯತಾ ಟೆಕ್ ಪಾರ್ಕಿನ ಕಚೇರಿಗಳಲ್ಲಿ ಬಳಕೆಯಾಗುವುದು ಇನ್ನೊಂದು ಬಗೆಯ ಅಚ್ಚು. ಅದರೊಳಗೆ ಸುರಿಯುವುದು ಉಕ್ಕಲ್ಲ, ಅಕ್ಷರ. ಪ್ರೋಗ್ರಾಂ ಬರೆಯುವವರು ಅದನ್ನು ಸ್ನಿಪೆಟ್ ಎನ್ನುತ್ತಾರೆ. ಪದೇಪದೇ ಬರೆಯಬೇಕಾದ ಸಾಲುಗಳನ್ನು ಒಮ್ಮೆ ಅಚ್ಚು ಮಾಡಿಟ್ಟು, ಎರಡು ಮೂರು ಅಕ್ಷರದ ಸುಳಿವಿಗೆ ಅವೆಲ್ಲ ಇಳಿದು ಬರುವಂತೆ ಮಾಡುವ ಏರ್ಪಾಡು ಇದು.

ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಎಸ್ ಕೋಡ್ ಎಂಬ ಎಡಿಟರನ್ನೇ ತೆಗೆದುಕೊಳ್ಳಿ. ಜಾವಾಸ್ಕ್ರಿಪ್ಟ್ ಕಡತದಲ್ಲಿ ಎಫ್, ಒ, ಆರ್ ಎಂದು ಮೂರು ಅಕ್ಷರ ಒತ್ತಿ, ತೆರೆದ ಪಟ್ಟಿಯಲ್ಲಿ ಫಾರ್ ಲೂಪ್ ಆರಿಸಿದರೆ ಇಡೀ ಲೂಪ್ ಪರದೆಗೆ ಬರುತ್ತದೆ. ಅದರಲ್ಲಿ 'ಇಂಡೆಕ್ಸ್' ಎಂಬ ಪದ ನಾಲ್ಕು ಕಡೆ ಇರುತ್ತದೆ, ನಾಲ್ಕೂ ಒಟ್ಟಿಗೆ ಆಯ್ಕೆಯಾಗಿರುತ್ತವೆ. 'ಐ' ಎಂದು ಒಮ್ಮೆ ಒತ್ತಿದರೆ ನಾಲ್ಕು ಕಡೆಯೂ 'ಐ' ಆಗುತ್ತದೆ. ಟ್ಯಾಬ್ ಒತ್ತಿದರೆ ಕರ್ಸರ್ 'ಅರೇ' ಎಂಬ ಪದಕ್ಕೆ ನೆಗೆಯುತ್ತದೆ, ಮತ್ತೆ ಒತ್ತಿದರೆ ಮುಂದಿನ ಜಾಗಕ್ಕೆ. ಕೈ ಮೌಸ್ ಕಡೆ ಹೋಗುವುದೇ ಇಲ್ಲ.

ಇದರ ಒಳಗುಟ್ಟು ಒಂದು ಸಾದಾ ಜೇಸನ್ ಕಡತ. ಪ್ರತಿ ಸ್ನಿಪೆಟ್‌ಗೂ ಒಂದು ಸುಳಿವು, ಒಂದು ಒಡಲು, ಒಂದು ಸಾಲಿನ ವಿವರಣೆ. ಒಡಲಿನಲ್ಲಿ $1, $2 ಎಂದು ಗುರುತು ಮಾಡಿದ ಕಡೆ ಕರ್ಸರ್ ಸರದಿಯಂತೆ ನಿಲ್ಲುತ್ತದೆ. ಒಂದೇ ಸಂಖ್ಯೆಯನ್ನು ಹಲವು ಕಡೆ ಬರೆದಿದ್ದರೆ ಅವೆಲ್ಲ ಜೊತೆಯಾಗಿ ಬದಲಾಗುತ್ತವೆ. $0 ಇದ್ದಲ್ಲಿ ಪಯಣ ಮುಗಿಯಿತು. ಈ ಬರವಣಿಗೆಯ ಕ್ರಮ ವಿಎಸ್ ಕೋಡ್‌ನ ಸ್ವಂತದ್ದಲ್ಲ. 2004ರಲ್ಲಿ ಡೆನ್ಮಾರ್ಕಿನ ಅಲನ್ ಓಡ್‌ಗಾರ್ಡ್ ಮ್ಯಾಕ್ ಕಂಪ್ಯೂಟರಿಗೆಂದು ಹೊರತಂದ ಟೆಕ್ಸ್ಟ್‌ಮೇಟ್ ಎಡಿಟರಿನಿಂದ ಬಂದ ಬಳುವಳಿ.

ಎಡಿಟರ್ ಜೊತೆಗೆ ಬರುವ ಸ್ನಿಪೆಟ್‌ಗಳು ಸಾಲದಾದಾಗ ಎಕ್ಸ್‌ಟೆನ್ಷನ್ ಎಂಬ ಸೇರ್ಪಡೆ ಹುಡುಕುವುದು ಎಲ್ಲರ ರೂಢಿ. ಕಂಟ್ರೋಲ್, ಶಿಫ್ಟ್, ಎಕ್ಸ್ ಒಟ್ಟಿಗೆ ಒತ್ತಿದರೆ ಅಂಗಡಿ ತೆರೆಯುತ್ತದೆ, ಇನ್‌ಸ್ಟಾಲ್ ಎಂಬ ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಇಂಟರ್‌ನೆಟ್ ಇಲ್ಲದ ಲ್ಯಾಬ್ ಆದರೆ ಎಕ್ಸ್‌ಟೆನ್ಷನ್ನಿನ ವಿಸಿಕ್ಸ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಳ್ಳಬಹುದು. ಹಾಕುವುದು ಇಷ್ಟು ಸಲೀಸು. ಆರಿಸುವುದು ಹಾಗಲ್ಲ, ಆದರೆ ಎಚ್ಚರ ಕಡಿಮೆ ಕಾಣುವುದು ಅಲ್ಲೇ. ಒಂದೇ ಭಾಷೆಗೆ ಡಜನ್‌ಗಟ್ಟಲೆ ಎಕ್ಸ್‌ಟೆನ್ಷನ್‌ಗಳಿರುತ್ತವೆ, ಹೆಚ್ಚು ಮಂದಿ ಇಳಿಸಿಕೊಂಡದ್ದನ್ನೇ ಕಣ್ಣು ಮುಚ್ಚಿ ಹಾಕಿಕೊಳ್ಳುವುದು ವಾಡಿಕೆ.

ಆಕ್ವಾ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಒಂದು ಪರೀಕ್ಷೆ ನಡೆಸಿ 2023ರ ಜನವರಿಯಲ್ಲಿ ಅದರ ವಿವರ ಪ್ರಕಟಿಸಿದರು. ಪ್ರೆಟಿಯರ್ ಎಂಬ ಹೆಸರುವಾಸಿ ಎಕ್ಸ್‌ಟೆನ್ಷನ್ನಿನ ಕಾಗುಣಿತದಲ್ಲಿ ಒಂದಕ್ಷರ ಬಿಟ್ಟು, ಅದರಂತೆಯೇ ಕಾಣುವ ನಕಲಿಯನ್ನು ಅಂಗಡಿಗೆ ಏರಿಸಿದ್ದರು. ಎರಡು ದಿನ ತುಂಬುವ ಮೊದಲೇ ಸಾವಿರಕ್ಕೂ ಹೆಚ್ಚು ಜನ ಅದನ್ನು ಇಳಿಸಿಕೊಂಡಿದ್ದರು! ಪ್ರಕಾಶಕರ ಹೆಸರಿನ ಪಕ್ಕದ ನೀಲಿ ಗುರುತು ಕೂಡ ಹೇಳುವುದು ಇಷ್ಟೇ: ಅವರು ತಮ್ಮದೆಂದು ಹೇಳುವ ವೆಬ್ ವಿಳಾಸ ಅವರದ್ದೇ ಎಂದು. ಒಳಗಿನ ಸರಕಿಗೆ ಅದು ಜಾಮೀನಲ್ಲ. ಒಳಗೆ ಬಂದ ಎಕ್ಸ್‌ಟೆನ್ಷನ್‌ಗೆ ಎಡಿಟರಿಗಿರುವ ಅಧಿಕಾರವೆಲ್ಲ ಇರುತ್ತದೆ. ಕಡತ ಓದಬಹುದು, ಬರೆಯಬಹುದು, ಹೊರಗಿನ ಸರ್ವರ್ ಜೊತೆ ಮಾತಾಡಬಹುದು. 2025ರ ಆರಂಭದಿಂದ ವಿಎಸ್ ಕೋಡ್ ಹೊಸ ಪ್ರಕಾಶಕರ ಎಕ್ಸ್‌ಟೆನ್ಷನ್ ಹಾಕುವ ಮುನ್ನ ಅವರ ಮೇಲೆ ನಂಬಿಕೆ ಇದೆಯೇ ಎಂದು ಕೇಳುತ್ತದೆ. ಉತ್ತರ ಕೊಡಬೇಕಾದವರು ಬಳಸುವವರೇ.

ಸ್ನಿಪೆಟ್ ವಿಷಯದಲ್ಲಿ ಒಂದು ಸಮಾಧಾನವಿದೆ. ಅಪ್ಪಟ ಸ್ನಿಪೆಟ್ ಎಕ್ಸ್‌ಟೆನ್ಷನ್ ಎಂದರೆ ಬರೀ ಪಠ್ಯ, ಅದರಲ್ಲಿ ಓಡುವ ಪ್ರೋಗ್ರಾಂ ಇರುವ ಅಗತ್ಯವೇ ಇಲ್ಲ. ಅದರ 'ಪ್ಯಾಕೇಜ್ ಡಾಟ್ ಜೇಸನ್' ಕಡತ ತೆರೆದು ನೋಡಬೇಕು. 'ಮೇನ್' ಅಥವಾ 'ಬ್ರೌಸರ್' ಎಂಬ ನಮೂದು ಇಲ್ಲದಿದ್ದರೆ ಅದು ಬರೀ ಅಚ್ಚುಗಳ ಪೆಟ್ಟಿಗೆ. ಇದ್ದರೆ ಜೊತೆಯಲ್ಲಿ ಪ್ರೋಗ್ರಾಂ ಕೂಡ ಬರುತ್ತಿದೆ ಎಂದರ್ಥ, ಅದು ಯಾಕೆ ಬೇಕಾಯಿತು ಎಂದು ಕೇಳಲೇಬೇಕು.

ಇನ್ನು ಅಚ್ಚಿನ ವಯಸ್ಸು. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್ ಎಂಬ ಲೈಬ್ರರಿಯ 17ನೆಯ ಆವೃತ್ತಿ 2020ರ ಅಕ್ಟೋಬರಿನಲ್ಲಿ ಬಂದ ಮೇಲೆ, ಹೊಸ ಏರ್ಪಾಡಿನಲ್ಲಿ ಪ್ರತಿ ಕಡತದ ತಲೆಯಲ್ಲೂ ರಿಯಾಕ್ಟನ್ನು ಇಂಪೋರ್ಟ್ ಮಾಡುವ ಸಾಲು ಬೇಕಿಲ್ಲ. ಅದಕ್ಕೂ ಹಿಂದೆ ಬರೆದಿಟ್ಟ ಸ್ನಿಪೆಟ್ ಆ ಸಾಲನ್ನು ಹಾಕುತ್ತಲೇ ಇರುತ್ತದೆ. ಟರ್ಬೊ ಸಿ ಕಾಲದ 'ವಾಯ್ಡ್ ಮೇನ್', 'ಕ್ಲಿಯರ್ ಸ್ಕ್ರೀನ್' ಸಾಲುಗಳನ್ನು ಯಾರಾದರೂ ಅಚ್ಚು ಮಾಡಿಟ್ಟಿದ್ದರೆ ಈಗಿನ ವಿದ್ಯಾರ್ಥಿಯ ಕಡತಕ್ಕೂ ಅವೇ ಬಂದಾವು. ಹಾಗಾಗಿ ಎಷ್ಟು ಮಂದಿ ಇಳಿಸಿಕೊಂಡರು ಎನ್ನುವುದಕ್ಕಿಂತ, ಕೊನೆಯ ಸಲ ಯಾವಾಗ ತಿದ್ದಿದರು ಎನ್ನುವ ತಾರೀಖಿಗೆ ಬೆಲೆ ಹೆಚ್ಚು.

ನಿಜವಾಗಿ ಉಪಯೋಗಕ್ಕೆ ಬರುವ ಅಚ್ಚನ್ನು ಅನೇಕ ಸಲ ತಾವೇ ಮಾಡಿಕೊಳ್ಳಬೇಕಾಗುತ್ತದೆ. ವಿಟಿಯು ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ಲ್ಯಾಬ್ ರೆಕಾರ್ಡ್‌ಗೆ ಪ್ರತಿ ಪ್ರೋಗ್ರಾಂ ಮೇಲೂ ಹೆಸರು, ಯುಎಸ್‌ಎನ್ ಎಂಬ ವಿದ್ಯಾರ್ಥಿ ಸಂಖ್ಯೆ, ತಾರೀಖು, ಕಡತದ ಹೆಸರು ಬರೆಯುವ ವಿದ್ಯಾರ್ಥಿಯ ಕಷ್ಟಕ್ಕೆ ಅಂಗಡಿಯಲ್ಲಿ ಮದ್ದು ಹುಡುಕಬೇಕಿಲ್ಲ. ಸೆಟ್ಟಿಂಗ್ಸ್ ಮೆನುವಿನ ಸ್ನಿಪೆಟ್ಸ್‌ಗೆ ಹೋಗಿ ಐದಾರು ಸಾಲು ಬರೆದರೆ ಸಾಕು. ಯುಎಸ್‌ಎನ್ ಖಾಯಂ ಆಗಿ ಕೂರುತ್ತದೆ. ತಾರೀಖು ಮತ್ತು ಕಡತದ ಹೆಸರನ್ನು ತುಂಬಲು ವಿಎಸ್ ಕೋಡ್‌ನಲ್ಲೇ ಸಿದ್ಧ ಚರಗಳಿವೆ. ಪ್ರೋಗ್ರಾಂ ಸಂಖ್ಯೆಗೆ ಮಾತ್ರ $1.

ಕನ್ನಡದ ವೆಬ್ ಪುಟ ಕಟ್ಟುವವರಿಗೆ ಇನ್ನೊಂದು ಮುಖ್ಯವಾದ ತಿದ್ದುಪಡಿ ಇದೆ. ವಿಎಸ್ ಕೋಡ್‌ನೊಳಗೇ ಇರುವ, ಹಿಂದೆ ಜೆನ್ ಕೋಡಿಂಗ್ ಎನಿಸಿಕೊಂಡಿದ್ದ ಎಮ್ಮೆಟ್, ಎಚ್‌ಟಿಎಂಎಲ್ ಕಡತದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಇಡೀ ಪುಟದ ಹಂದರ ಕೊಡುತ್ತದೆ. ಆ ಹಂದರದಲ್ಲಿ ಪುಟದ ಭಾಷೆ ಎಂಬಲ್ಲಿ 'ಇಎನ್', ಅಂದರೆ ಇಂಗ್ಲಿಷ್ ಎಂದು ಅಚ್ಚಾಗಿರುತ್ತದೆ. ಅದನ್ನು ಗಮನಿಸದೆ ಕೆಳಗೆ ಕನ್ನಡ ಬರೆದರೆ, ಪುಟ ತಾನು ಇಂಗ್ಲಿಷಿನದೆಂದೇ ಬ್ರೌಸರಿಗೆ ಹೇಳಿಕೊಳ್ಳುತ್ತದೆ. ಕಣ್ಣು ಕಾಣುವವರಿಗೆ ವ್ಯತ್ಯಾಸ ತಿಳಿಯದು. ಪರದೆ ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ ಯಾವ ದನಿಯಲ್ಲಿ ಓದಬೇಕೆಂದು ತಿಳಿಯುವುದು ಆ ಎರಡಕ್ಷರದಿಂದ. ಸೆಟ್ಟಿಂಗ್ಸ್‌ನಲ್ಲಿ 'ಎಮ್ಮೆಟ್ ವೇರಿಯಬಲ್ಸ್' ಎಂಬ ಜಾಗಕ್ಕೆ ಹೋಗಿ 'ಲ್ಯಾಂಗ್' ಎದುರು 'ಕೆಎನ್' ಎಂದು ಬರೆದಿಟ್ಟರೆ, ಮುಂದಿನ ಸಲ ಟ್ಯಾಬ್ ಒತ್ತಿದಾಗ ಹಂದರದ ಎರಡನೆಯ ಸಾಲಿನಲ್ಲಿ ಕನ್ನಡದ ಗುರುತು ತಾನಾಗಿಯೇ ಬಂದು ಕೂರುತ್ತದೆ.