ಪ್ರಯೋಗಶಾಲೆಯಲ್ಲಿ ಕೈ ಮತ್ತು ಕಣ್ಣು

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ರಸಾಯನಶಾಸ್ತ್ರದ ಪ್ರಯೋಗಶಾಲೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಹುದು. ನಮ್ಮ ಕಾಲೇಜಿನಲ್ಲಿ ಪ್ರನಾಳವೂ ಇಲ್ಲ, ಆಮ್ಲದ ಸೀಸೆಯೂ ಇಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಮಗೆ ಈ ವಿಷಯವೇಕೆಂದು ಕೇಳುವುದು ಸಹಜವೇ. ಆದರೆ ನಮ್ಮಲ್ಲಿ ಅನೇಕರು ಮುಂದೆ ಉಪಾಧ್ಯಾಯರಾಗುವವರು. ಹಳ್ಳಿಯ ಶಾಲೆಗಳಲ್ಲಿ ಒಬ್ಬರ ತರಗತಿಯನ್ನು ಮತ್ತೊಬ್ಬರು ನೋಡಿಕೊಳ್ಳಬೇಕಾದ ಪ್ರಸಂಗಗಳು ಬಂದೇ ಬರುತ್ತವೆ. ಅಲ್ಲದೆ ನಮ್ಮ ತಮ್ಮ ತಂಗಿಯರು ಇಂದು ಆ ಮೇಜುಗಳ ಮುಂದೆ ನಿಂತಿದ್ದಾರೆ. ನಾನು ಬರೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಡೆದ ಸಂಗತಿ. ನಮ್ಮ ಶಾಲೆಯ ಪ್ರಯೋಗಶಾಲೆಯೆಂದರೆ ಒಂದು ಬೀರು, ಒಂದು ಉದ್ದನೆಯ ಮೇಜು, ಎರಡು ಸ್ಪಿರಿಟ್ ದೀಪ. ಉಪಾಧ್ಯಾಯರು ಬರುವುದರೊಳಗಾಗಿ ಎಲ್ಲವನ್ನೂ ಸಿದ್ಧಪಡಿಸಿ ಅವರ ಮೆಚ್ಚುಗೆ ಪಡೆಯಬೇಕೆಂಬ ಆಸೆಯಿಂದ ನಾನೂ ನನ್ನ ಗೆಳೆಯನೂ ಬೀಕರಿನಲ್ಲಿ ಪ್ರಬಲ ಗಂಧಕಾಮ್ಲವನ್ನು ತೆಗೆದುಕೊಂಡೆವು. ಅದನ್ನು ದುರ್ಬಲಗೊಳಿಸಬೇಕಾಗಿತ್ತು. ಲೋಟದಲ್ಲಿದ್ದ ನೀರನ್ನು ನಾನು ಅದರ ಮೇಲೆ ಸುರಿದುಬಿಟ್ಟೆ. ಚುಯ್ಯೆಂದು ಸಿಡಿದ ಆಮ್ಲ, ಬಗ್ಗಿ ನೋಡುತ್ತಿದ್ದ ಗೆಳೆಯನ ಮುಖಕ್ಕೆ ಹಾರಿತು. ನಲ್ಲಿ ತಿರುಗಿಸಿದರೆ ನೀರಿಲ್ಲ. ಒಬ್ಬನು ಅರಿಸಿನ ತರಲು ಓಡಿದನು. ಮತ್ತೊಬ್ಬನು ಟೂತ್‌ಪೇಸ್ಟ್ ಹಚ್ಚಬೇಕೆಂದನು. ಕೊನೆಗೆ ಬಿಸಿಯೂಟದ ಅಡಿಗೆಯಮ್ಮ ಕೊಡ ಹೊತ್ತು ಓಡಿಬಂದು, ಅವನ ತಲೆಯನ್ನು ವಾರೆ ಮಾಡಿ ಹಿಡಿದು, ಕಣ್ಣಿಗೆ ಒಂದೇ ಸಮನೆ ನೀರು ಸುರಿದರು. ಅಷ್ಟರಲ್ಲಿ ಕೆಲವು ನಿಮಿಷಗಳು ಕಳೆದುಹೋಗಿದ್ದವು. ಬಲಗಣ್ಣು ಉಳಿಯಿತು. ಎಡಗಣ್ಣು ಇಂದಿಗೂ ಮಬ್ಬು. ಸೈನ್ಯಕ್ಕೆ ಸೇರಬೇಕೆಂದು ದಿನವೂ ಮುಂಜಾನೆ ಓಡುತ್ತಿದ್ದ ಹುಡುಗ ಅವನು. ನನ್ನನ್ನು ಅವನು ಒಂದು ದಿನವೂ ದೂರಲಿಲ್ಲ; ನಾನೇ ವಿಜ್ಞಾನವನ್ನು ಬಿಟ್ಟು ಬಂದೆ.

ಅಂದು ನಡೆದುದೇನೆಂಬುದನ್ನು ಆಮೇಲೆ ಓದಿ ತಿಳಿದೆ. ಪ್ರಬಲ ಗಂಧಕಾಮ್ಲವು ನೀರಿಗಿಂತ ಸುಮಾರು ೧.೮೪ ಪಟ್ಟು ಭಾರ. ಅದು ನೀರಿನೊಡನೆ ಬೆರೆಯುವಾಗ ಬಹಳ ಶಾಖ ಹುಟ್ಟುತ್ತದೆ. ಆಮ್ಲದ ಮೇಲೆ ನೀರು ಹಾಕಿದರೆ, ಹಗುರವಾದ ನೀರು ಮೇಲೆಯೇ ನಿಂತು, ಎರಡೂ ಕೂಡುವಲ್ಲಿ ಹುಟ್ಟಿದ ಶಾಖಕ್ಕೆ ತಟ್ಟನೆ ಕುದಿಯುತ್ತದೆ. ಆವಿಯಾಗಿ ಏಳುವಾಗ ಆಮ್ಲವನ್ನೂ ಹೊತ್ತುಕೊಂಡು ಸಿಡಿಯುತ್ತದೆ. ಇದಕ್ಕೆ ಬದಲಾಗಿ, ಹೆಚ್ಚು ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಗಾಜಿನ ಕಡ್ಡಿಯ ಗುಂಟ ಇಳಿಸುತ್ತ, ಕಲಕುತ್ತ ಬಂದರೆ, ಆಮ್ಲ ಕೆಳಗಿಳಿದು ಬೆರೆಯುತ್ತದೆ. ಶಾಖವನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ. ಆದುದರಿಂದ ಯಾವಾಗಲೂ ನೀರಿಗೆ ಆಮ್ಲ, ಎಂದೆಂದಿಗೂ ಆಮ್ಲಕ್ಕೆ ನೀರಲ್ಲ. ನನ್ನ ತಾಯಿಗೆ ಅಕ್ಷರ ಬಾರದು. ಆದರೂ ಕಾದ ಎಣ್ಣೆಯ ಬಾಣಲೆಯ ಹತ್ತಿರ ಒದ್ದೆ ಕೈ ತರಬೇಡವೆಂದು ಗದರುತ್ತಾಳೆ. ಸುಣ್ಣದ ಕಲ್ಲಿಗೆ ನೀರು ಹಾಕುವಾಗ ತಂದೆ ಮುಖವನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಒಂದೊಂದರ ಕಾರಣ ಬೇರೆಯಾದರೂ ಎಚ್ಚರಿಕೆ ಒಂದೇ. ಮನೆಯಲ್ಲಿ ಕಲಿತುದನ್ನು ಶಾಲೆಯ ಬಾಗಿಲಲ್ಲಿ ಬಿಟ್ಟುಹೋದವನು ನಾನು.

ಇನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಅಭ್ಯಾಸ ಮಾಡಿಕೊಳ್ಳಬೇಕಾದ ಕೆಲವು ಕ್ರಮಗಳನ್ನು ಹೇಳುತ್ತೇನೆ. ಪ್ರನಾಳದಲ್ಲಿ ದ್ರವವನ್ನು ಕಾಯಿಸುವಾಗ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತುಂಬಬಾರದು. ಅದನ್ನು ಇಕ್ಕಳದಿಂದ ಓರೆಯಾಗಿ ಹಿಡಿದು ಉರಿಯಲ್ಲಿ ಆಡಿಸುತ್ತಿರಬೇಕು; ಒಂದೇ ಕಡೆ ಕಾಯಿಸಿದರೆ ದ್ರವ ಹೊರಕ್ಕೆ ಚಿಮ್ಮುತ್ತದೆ. ಬಾಯಿ ತನ್ನ ಕಡೆಗೂ ಇರಬಾರದು, ನೆರೆಯವನ ಕಡೆಗೂ ಇರಬಾರದು. ವಾಸನೆ ನೋಡಬೇಕಾದರೆ ಮೂಗನ್ನು ಸೀಸೆಗೆ ತಾಗಿಸದೆ, ಕೈಯಿಂದ ಗಾಳಿಯನ್ನು ಮೆಲ್ಲನೆ ಬೀಸಿಕೊಳ್ಳಬೇಕು. ಪಿಪೆಟ್ಟನ್ನು ಬಾಯಿಂದ ಹೀರುವ ಹಳೆಯ ರೂಢಿ ಕೆಲವೆಡೆ ಇನ್ನೂ ಉಂಟು; ಅದಕ್ಕೆ ರಬ್ಬರ್ ಬುರುಡೆಯನ್ನೇ ಬಳಸಬೇಕು. ಬ್ಯುರೆಟ್ಟಿನಲ್ಲಿ ಬಣ್ಣವಿಲ್ಲದ ದ್ರವದ ಮಟ್ಟ ನೋಡುವಾಗ ಕಣ್ಣನ್ನು ಅದೇ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ತಳವನ್ನು ಓದಬೇಕು. ಸೀಸೆಯ ಚೀಟಿ ಅಂಗೈಗೆ ಬರುವಂತೆ ಹಿಡಿದು ಸುರಿದರೆ, ಇಳಿದ ಹನಿ ಚೀಟಿಯ ಅಕ್ಷರವನ್ನು ತಿನ್ನುವುದಿಲ್ಲ. ಸುರಿಯುವ ಮುನ್ನ ಆ ಚೀಟಿಯನ್ನು ಎರಡು ಬಾರಿ ಓದಬೇಕು. ಹೆಚ್ಚಾದುದನ್ನು ಸೀಸೆಗೆ ಮರಳಿ ಹಾಕಬಾರದು. ಸ್ಪಿರಿಟ್ ದೀಪವನ್ನು ಊದಿ ಆರಿಸದೆ ಮುಚ್ಚಳ ಹಾಕಬೇಕು. ಉರಿಯುತ್ತಿರುವಾಗ ಸ್ಪಿರಿಟ್ ತುಂಬಬಾರದು. ಬಿಸಿ ಗಾಜಿಗೂ ತಣ್ಣನೆಯ ಗಾಜಿಗೂ ನೋಟದಲ್ಲಿ ವ್ಯತ್ಯಾಸವಿಲ್ಲವೆಂಬುದು ನೆನಪಿರಲಿ. ಜಡೆ, ದುಪಟ್ಟಾ, ಸಡಿಲ ತೋಳುಗಳನ್ನು ಬಿಗಿಯಾಗಿ ಕಟ್ಟಿರಬೇಕು. ಕಣ್ಣಿಗೆ ರಕ್ಷಕ ಕನ್ನಡಕ ಇರಲೇಬೇಕು.

ಇದೆಲ್ಲ ಅಂಜುಬುರುಕರ ಮಾತೆಂದು ಯಾರೂ ತಿಳಿಯಬಾರದು. ೧೮೫೫ರ ಸುಮಾರಿಗೆ ಹೈಡೆಲ್‌ಬರ್ಗಿನಲ್ಲಿ ಇಂದಿನ ಅನಿಲ ದೀಪವನ್ನು ಬಳಕೆಗೆ ತಂದ ಬುನ್ಸೆನ್ ಮಹಾಶಯರು ತಮ್ಮ ತಾರುಣ್ಯದಲ್ಲಿ ಆರ್ಸೆನಿಕ್ ಸಂಯುಕ್ತವೊಂದು ಸಿಡಿದುದರಿಂದ ಒಂದು ಕಣ್ಣನ್ನು ಕಳೆದುಕೊಂಡರು. ಸರ್ ಹಂಫ್ರಿ ಡೇವಿಯವರ ಕಣ್ಣಿಗೆ ೧೮೧೨ರಲ್ಲಿ ನೈಟ್ರೋಜನ್ ಟ್ರೈಕ್ಲೋರೈಡಿನ ಸ್ಫೋಟದಿಂದ ಪೆಟ್ಟಾಯಿತು. ಆಗ ಅವರಿಗೆ ಬರೆದುಕೊಡಲು ಬಂದ ಬಡ ಯುವಕನೇ ಮೈಕೇಲ್ ಫ್ಯಾರಡೆ. ೧೯೯೬ರಲ್ಲಿ ಅಮೆರಿಕದ ಪ್ರಾಧ್ಯಾಪಕಿ ಕ್ಯಾರನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ ಡೈಮೀಥೈಲ್ ಪಾದರಸದ ಒಂದೆರಡು ಹನಿ ಬಿದ್ದು, ಗವಸನ್ನು ದಾಟಿ ಚರ್ಮಕ್ಕಿಳಿಯಿತು. ಮರುವರ್ಷ ಅವರು ತೀರಿಕೊಂಡರು. ಮಹಾ ಪಂಡಿತರನ್ನೇ ಬಿಡದ ವಸ್ತುಗಳು ನಮ್ಮನ್ನು ಬಿಟ್ಟಾವೆಯೇ?

ಅಪಘಾತವಾದಾಗ ಮೊದಲ ಔಷಧ ನೀರು. ಕಣ್ಣಿಗೆ ಆಮ್ಲವಾಗಲಿ ಕ್ಷಾರವಾಗಲಿ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಕಡಮೆಯೆಂದರೆ ೧೫ರಿಂದ ೨೦ ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಒಂದೇ ಕಣ್ಣಿಗೆ ಬಿದ್ದಿದ್ದರೆ ಆ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತಲೆ ವಾಲಿಸಬೇಕು. ಅನಂತರ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮೈಮೇಲೆ ಬಿದ್ದರೆ ನೆನೆದ ಬಟ್ಟೆಯನ್ನು ಕಳಚಿ ಹಾಗೆಯೇ ತೊಳೆಯಬೇಕು. ಆಮ್ಲಕ್ಕೆ ಕ್ಷಾರ ಹಾಕಿ ಶಮನ ಮಾಡುವ ಪಾಂಡಿತ್ಯ ಇಲ್ಲಿ ಸಲ್ಲದು. ಅದರಿಂದ ಮತ್ತೆ ಶಾಖವೇ ಹುಟ್ಟುತ್ತದೆ. ಸುಟ್ಟ ಗಾಯಕ್ಕೂ ತಣ್ಣೀರೇ ಹೊರತು ಅರಿಸಿನ, ತುಪ್ಪ, ಟೂತ್‌ಪೇಸ್ಟುಗಳಲ್ಲ. ಮನೆಯವರಿಗೂ ಒಂದು ಮಾತು: ಶೌಚಾಲಯ ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪುಡಿಯೊಡನೆ ಎಂದೂ ಬೆರೆಸಬಾರದು, ಬೆರೆಸಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವಿಲ್ಲ. ಪ್ರಯೋಗ ಆರಂಭಿಸುವ ಮೊದಲು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡಬೇಕು. ಬಾರದಿದ್ದರೆ ಎರಡು ಕೊಡ ತುಂಬಿಸಿಟ್ಟ ಮೇಲೆಯೇ ಬೀರುವಿನ ಬೀಗ ತೆಗೆಯಬೇಕು. ಇದಕ್ಕೆ ಅನುದಾನ ಬೇಡ, ಆಜ್ಞಾಪತ್ರ ಬೇಡ. ನನ್ನ ತಂಗಿ ಈಗ ಅದೇ ಶಾಲೆಯಲ್ಲಿ ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಗೆಳೆಯನೂ ನಾನೂ ಉಪಾಧ್ಯಾಯರ ಅನುಮತಿ ಪಡೆದು ಆ ಕೊಠಡಿಗೆ ಹೋದೆವು. ಮೇಜಿನ ಪಕ್ಕದಲ್ಲಿ ಮುಚ್ಚಳವಿರುವ ಒಂದು ಡ್ರಮ್ಮನ್ನೂ ಒಂದು ಚೊಂಬನ್ನೂ ಇಟ್ಟು ಬಂದೆವು. ನೀರು ತುಂಬಿದವನು ಅವನೇ. ಭಾವಿ ಉಪಾಧ್ಯಾಯರಾದ ನನ್ನ ಸಹಪಾಠಿಗಳು ತಾವು ಸೇರುವ ಶಾಲೆಯಲ್ಲಿ ಮೊದಲ ದಿನವೇ ಇಷ್ಟನ್ನು ಮಾಡಿದರೆ ಈ ಲೇಖನ ಬರೆದುದು ಸಾರ್ಥಕವೆಂದು ಭಾವಿಸುತ್ತೇನೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ