ಜೈಲಿನಿಂದ ಹಾಕಿದ ಅರ್ಜಿ ವಜಾ ಆಯ್ತು, ಮುಂದೇನು?

ಉಜ್ಜಿನಿ ಗ್ರಾಮದವರೊಬ್ಬರು ಜೈಲಲ್ಲಿದ್ದಾರೆ ಅಂದ್ಕೊಳ್ಳಿ. ಚಿಕಿತ್ಸೆ ಸಿಗ್ತಿಲ್ಲ ಅಂತ ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಅರ್ಜಿ ಹಾಕಿದ್ರು. ಏಕಸದಸ್ಯ ಪೀಠ ವಜಾ ಮಾಡ್ತು. ಮುಗೀತಾ?

ಇಲ್ಲ. ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದೆ ರಿಟ್ ಮೇಲ್ಮನವಿ ಹಾಕಬಹುದು. ಗಡುವು 30 ದಿನ. ಆದ್ರೆ ಆದೇಶದ ಪ್ರತಿಯೇ ಒಳಗಿರೋರ ಕೈಗೆ ಬರದಿದ್ರೆ?

ಇಲ್ಲೊಂದು ವಿಚಿತ್ರ ಕೇಸಿದೆ. ಎಂ.ಎಚ್. ಹೊಸ್ಕೋಟ್ ಅನ್ನೋ ಅಧ್ಯಾಪಕರು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಲ್ಲಿ ನಕಲಿ ಪದವಿಪತ್ರ ಮಾಡೋಕೆ ಹೋಗಿ ಸಿಕ್ಕಿಬಿದ್ರು. ಬಾಂಬೆ ಹೈಕೋರ್ಟ್ 3 ವರ್ಷ ಶಿಕ್ಷೆ ಕೊಡ್ತು. ಸುಪ್ರೀಂ ಕೋರ್ಟಿಗೆ ಬಂದಿದ್ದು ವರ್ಷಗಟ್ಟಲೆ ತಡವಾಗಿ. ತೀರ್ಪಿನ ಪ್ರತಿ ನನಗೆ ಸಿಗಲೇ ಇಲ್ಲ ಅಂದ್ರು. 1978ರಲ್ಲಿ ಸೋತ್ರು. ಸೋಲಬೇಕಾದ ಕೇಸೇ ಬಿಡಿ.

ಆದ್ರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಲ್ಲೇ ಹೇಳಿದ್ರು: ಕೈದಿಗೆ ತೀರ್ಪಿನ ಪ್ರತಿ ಉಚಿತವಾಗಿ, ಬೇಗ ಕೊಡಬೇಕು, ಜೈಲಿನವರು ಅದಕ್ಕೆ ಸಹಿ ಪಡೀಬೇಕು, ವಕೀಲರನ್ನಿಡೋ ಶಕ್ತಿ ಇಲ್ಲದಿದ್ರೆ ಸರ್ಕಾರದ ಖರ್ಚಲ್ಲಿ ವಕೀಲರನ್ನು ಕೊಡಬೇಕು.

ಅದು ಕ್ರಿಮಿನಲ್ ಮೇಲ್ಮನವಿಯ ಮಾತು. ರಿಟ್ ಕೇಸಿಗೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಬಂಧನದಲ್ಲಿರೋ ಯಾರಿಗಾದ್ರೂ ವಕೀಲರು ಉಚಿತ, ಆದಾಯ ಎಷ್ಟಿದ್ರೂ ಸರಿ. ಗಡುವು ದಾಟಿದ್ರೆ ಕಾರಣ ಬರೆದು, ವಿಳಂಬ ಮನ್ನಿಸಿ ಅಂತ ಮೇಲ್ಮನವಿ ಜೊತೆಗೇ ಅರ್ಜಿ ಹಾಕಿ.